ಒಂದೇ ಮನೆ, ಇಬ್ಬರು ಯಜಮಾನರು, ಒಬ್ಬನಿಗೆ ಕುಂಭಕರ್ಣ ನಿದ್ದೆ

ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ. ಕುಂಭಕರ್ಣನ ಈ ಲೆಕ್ಕ ಯಾರಿಗೆ ಗೊತ್ತಿಲ್ಲ? ಯುದ್ಧ ಶುರುವಾಗಿ ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿದಾಗ ಅವನು ಮೊದಲು ಕೇಳಿದ್ದು ತನ್ನನ್ನು ಎಬ್ಬಿಸಿದ ಕಾರಣವನ್ನು. ತಾನು ಮಲಗಿದ್ದಾಗ ಲಂಕೆಗೆ ಏನಾಯಿತೆಂದು ತಿಳಿದುಕೊಂಡು, ಆಮೇಲೆ ಅಣ್ಣನ ಬಳಿಗೆ ಹೋದ.

ಕಂಪ್ಯೂಟರಿಗೂ ಇಂಥದೊಂದು ದೀರ್ಘ ನಿದ್ದೆ ಉಂಟು. ‘ಹೈಬರ್ನೇಷನ್’ ಎಂದು ಅದರ ಹೆಸರು. ಶೀತ ದೇಶಗಳ ಕೆಲವು ಪ್ರಾಣಿಗಳು ಚಳಿಗಾಲ ಕಳೆಯುವವರೆಗೆ ಬಿಲದೊಳಗೆ ನಿಶ್ಚಲವಾಗಿ ಮಲಗಿಬಿಡುವುದಕ್ಕೆ ಜೀವಶಾಸ್ತ್ರಜ್ಞರು ಬಳಸುವ ಶಬ್ದವನ್ನೇ ಎಂಜಿನಿಯರುಗಳು ಎರವಲು ಪಡೆದಿದ್ದಾರೆ. ಬರೆಯುತ್ತಿದ್ದ ಪತ್ರ, ತೆರೆದಿಟ್ಟ ಲೆಕ್ಕದ ಹಾಳೆ, ಅರ್ಧ ನೋಡಿದ ಚಿತ್ರ ಎಲ್ಲವನ್ನೂ ಇದ್ದದ್ದು ಇದ್ದಂತೆ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರ ಪೂರ್ತಿ ಆರಿಹೋಗುತ್ತದೆ. ಪ್ಲಗ್ ಕಿತ್ತರೂ ಚಿಂತೆಯಿಲ್ಲ. ವಾರ ಬಿಟ್ಟು ಗುಂಡಿ ಒತ್ತಿದರೆ ನಿಲ್ಲಿಸಿದ ಅಕ್ಷರದಿಂದಲೇ ಕೆಲಸ ಮುಂದುವರಿಸಬಹುದು. ಲೋಡ್ ಶೆಡ್ಡಿಂಗ್ ಕಂಡುಂಡ ಕರ್ನಾಟಕದ ಜನರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಕುಂಭಕರ್ಣನಿಗೆ ಒಂದು ದುರಭ್ಯಾಸ. ಎದ್ದ ಮೇಲೆ ‘ನಾನು ಮಲಗಿದ್ದಾಗ ಏನಾಯಿತು?’ ಎಂದು ಅವನು ಕೇಳುವುದಿಲ್ಲ. ಮಲಗುವಾಗ ಮನೆ ಹೇಗಿತ್ತೋ ಈಗಲೂ ಹಾಗೆಯೇ ಇದೆ ಎಂದು ನಂಬಿ ಕೆಲಸಕ್ಕೆ ಇಳಿದುಬಿಡುತ್ತಾನೆ. ಮನೆಯಲ್ಲಿ ಅವನೊಬ್ಬನೇ ಯಜಮಾನನಾದರೆ ತೊಂದರೆಯಿಲ್ಲ. ಅದೇ ಯಂತ್ರದಲ್ಲಿ ಇನ್ನೊಬ್ಬ ಯಜಮಾನನೂ ಇದ್ದರೆ? ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ಎಬ್ಬಿಸುವ ಪದ್ಧತಿಗೆ ‘ಡ್ಯುಯಲ್ ಬೂಟ್’ ಎನ್ನುತ್ತಾರೆ. ಒಂದು ಮಲಗಿರುವಾಗ ಇನ್ನೊಂದು ಎದ್ದು ಮನೆಯ ಸಾಮಾನು ಅತ್ತಿತ್ತ ಸರಿಸಿದರೆ, ಎಂಟು ವರ್ಷದ ಫೋಟೊಗಳು, ಮುಗಿಯುತ್ತ ಬಂದ ಪಿಎಚ್.ಡಿ. ಪ್ರಬಂಧ, ಅಂಗಡಿಯ ಲೆಕ್ಕಪತ್ರ ಒಂದೇ ಬಾರಿಗೆ ಹಾಳಾಗಬಹುದು.

ಈ ವಿಷಯ ಈಗ ಮತ್ತೆ ಮುಖ್ಯವಾಗಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಇಲ್ಲದ ಹಳೆಯ ಕಂಪ್ಯೂಟರುಗಳ ಒಡೆಯರಿಗೆ ಲಿನಕ್ಸ್ ಒಂದು ದಾರಿ. ಹಳೆಯ ವಿಂಡೋಸನ್ನು ತೆಗೆದುಹಾಕಲು ಮನಸ್ಸು ಬಾರದವರು ಎರಡನ್ನೂ ಜೊತೆಗಿಡುತ್ತಾರೆ. ಇದರಲ್ಲಿರುವ ಅಪಾಯ ಎಲ್ಲಿಂದ ಬಂತು, ಅದನ್ನು ತಪ್ಪಿಸುವುದು ಹೇಗೆ ಎಂದು ತಿಳಿಯಲು ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮರೆಯದ ಉಂಗುರಗಳು

ಕಂಪ್ಯೂಟರುಗಳು ಹುಟ್ಟಿದ ಹೊಸತರಲ್ಲಿ ‘ನಿದ್ದೆ’ಯ ಸಮಸ್ಯೆ ಇಷ್ಟು ದೊಡ್ಡದಾಗಿರಲಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ‘ವರ್ಲ್‌ವಿಂಡ್’ ಗಣಕಯಂತ್ರಕ್ಕೆ 1953ರಲ್ಲಿ ಹೊಸ ಬಗೆಯ ಸ್ಮರಣಕೋಶವನ್ನು ಜೋಡಿಸಿದರು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಅಯಸ್ಕಾಂತದ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿದ ಬಲೆ ಅದು. ಒಂದೊಂದು ಉಂಗುರ ಒಂದೊಂದು ‘ಬಿಟ್’. ಈ ದಿಕ್ಕಿಗೆ ಕಾಂತಗೊಂಡರೆ ಒಂದು, ಆ ದಿಕ್ಕಿಗೆ ಕಾಂತಗೊಂಡರೆ ಸೊನ್ನೆ. ಜೇ ಫಾರೆಸ್ಟರ್ ಅವರ ತಂಡ ರೂಪಿಸಿದ ಈ ವ್ಯವಸ್ಥೆಗೆ ‘ಕೋರ್ ಮೆಮೊರಿ’ ಎಂಬ ಹೆಸರು ಬಂತು.

ಅದರ ದೊಡ್ಡ ಗುಣವೆಂದರೆ ಕರೆಂಟು ಹೋದರೂ ಉಂಗುರದ ಕಾಂತತ್ವ ಹೋಗುತ್ತಿರಲಿಲ್ಲ. ಯಂತ್ರ ಆರಿಸಿ ಬೆಳಿಗ್ಗೆ ಬಂದರೂ ನಿನ್ನೆಯ ಅಂಕಿಗಳು ಅಲ್ಲಿಯೇ ಇರುತ್ತಿದ್ದವು. ಭಾರತಕ್ಕೂ ಈ ತಂತ್ರಜ್ಞಾನ ಬೇಗನೆ ಬಂತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆಗಿನ ಬೊಂಬಾಯಿಯಲ್ಲಿ ಸ್ವತಃ ಕಟ್ಟಿ 1960ರಲ್ಲಿ ಚಾಲನೆಗೆ ತಂದ ‘ಟಿಫ್ರ್ಯಾಕ್’ ಗಣಕಯಂತ್ರದಲ್ಲಿ ತಲಾ 40 ಬಿಟ್‌ಗಳ 2,048 ಪದಗಳನ್ನು ಹಿಡಿಯುವ ಕೋರ್ ಮೆಮೊರಿ ಇತ್ತು.

ಆದರೆ ಉಂಗುರ ಪೋಣಿಸುವುದು ನಾಜೂಕಿನ, ನಿಧಾನದ, ದುಬಾರಿಯ ಕೆಲಸ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಬೇರೆ ದಾರಿ ಹುಡುಕಿದರು. ಒಂದೇ ಒಂದು ಟ್ರಾನ್ಸಿಸ್ಟರ್, ಪಕ್ಕದಲ್ಲಿ ಒಂದು ಪುಟ್ಟ ಕೆಪಾಸಿಟರ್. ಅದರಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಇದಕ್ಕೆ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ ಕಂಪನಿ 1,024 ಬಿಟ್‌ಗಳ ‘1103’ ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಉಂಗುರಗಳ ಕಾಲ ಮುಗಿಯಿತು. ಇಂದಿನ ಕಂಪ್ಯೂಟರ್, ಮೊಬೈಲ್ ಫೋನುಗಳ ರ‍್ಯಾಮ್ ಇದೇ ಕುಲದ್ದು.

ಅಗ್ಗ, ವೇಗ ಎರಡೂ ದೊರೆತವು. ಕಳೆದುಕೊಂಡದ್ದು ನೆನಪಿನ ಗಟ್ಟಿತನವನ್ನು. ಈ ಕೆಪಾಸಿಟರ್ ಸೋರುವ ಕೊಡದಂತೆ. ಸೆಕೆಂಡಿಗೆ ಹಲವು ಬಾರಿ ಮತ್ತೆ ಮತ್ತೆ ತುಂಬಿಸುತ್ತಲೇ ಇರಬೇಕು. ಕರೆಂಟು ನಿಂತರೆ ತುಂಬಿಸುವವರಿಲ್ಲ, ಕೊಡ ಖಾಲಿ. ಗಂಟೆಗಟ್ಟಲೆ ಟೈಪ್ ಮಾಡಿದ್ದು ಕಣ್ಣೆದುರೇ ಮಾಯವಾಗುವ ಸಂಕಟ ಮನುಷ್ಯನಿಗೆ ಅಂಟಿಕೊಂಡದ್ದು ಹೀಗೆ. ಕಳೆದುಹೋದ ಆ ಗಟ್ಟಿತನವನ್ನು ಡಿಸ್ಕಿನ ನೆರವಿನಿಂದ ಮರಳಿ ಪಡೆಯುವ ಉಪಾಯವೇ ಹೈಬರ್ನೇಷನ್.

ಬಾಗಿಲಲ್ಲಿದ್ದ ಕಾವಲುಗಾರ

ಈ ಉಪಾಯದ ತುರ್ತು ಮೊದಲು ಕಂಡದ್ದು ಲ್ಯಾಪ್‌ಟಾಪ್ ತಯಾರಕರಿಗೆ. ಬ್ಯಾಟರಿ ಮುಗಿಯುವ ಹೊತ್ತಿಗೆ ಕೆಲಸ ಉಳಿಸಿಕೊಳ್ಳಲೇಬೇಕಿತ್ತು. ವಿದ್ಯುತ್ ಉಳಿತಾಯದ ಒಂದು ಸಾಮಾನ್ಯ ನಿಯಮಾವಳಿಯನ್ನು ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು 1992ರಲ್ಲಿ ಹೊರತಂದವು. ‘ಎಪಿಎಂ’ ಎಂಬುದು ಅದರ ಚುಟುಕು ಹೆಸರು.

ಆಗ ಮಲಗಿಸುವ, ಎಬ್ಬಿಸುವ ಕೆಲಸದ ಬಹುಪಾಲು ‘ಬಯಾಸ್’ ಎಂಬ ತಂತ್ರಾಂಶದ ಕೈಯಲ್ಲಿತ್ತು. ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಇದು ಗುಂಡಿ ಒತ್ತಿದೊಡನೆ ಎಲ್ಲರಿಗಿಂತ ಮೊದಲು ಏಳುತ್ತದೆ. 1990ರ ದಶಕದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ನಿದ್ದೆಗೆಂದೇ ಡಿಸ್ಕಿನ ಒಂದು ಪಾಲನ್ನೋ ದೊಡ್ಡದೊಂದು ಕಡತವನ್ನೋ ಮೊದಲೇ ಮೀಸಲಿಡಬೇಕಾಗುತ್ತಿತ್ತು. ರ‍್ಯಾಮಿನಲ್ಲಿ ಇದ್ದುದನ್ನೆಲ್ಲ ಬಯಾಸ್ ಅಲ್ಲಿಗೆ ಸುರಿದು ಯಂತ್ರ ಆರಿಸುತ್ತಿತ್ತು.

ಈ ಹಳೆಯ ಪದ್ಧತಿಯಲ್ಲಿ, ಯಾರೂ ಯೋಜಿಸದೆಯೇ ದೊರೆತ ಒಂದು ರಕ್ಷಣೆ ಇತ್ತು. ಯಂತ್ರ ಹೊತ್ತಿಕೊಂಡ ತಕ್ಷಣ ಬಯಾಸ್ ಮೊದಲು ನೋಡುತ್ತಿದ್ದುದು ಯಾರಾದರೂ ಮಲಗಿದ್ದಾರೆಯೇ ಎಂದು. ಮಲಗಿದ್ದರೆ ಅವರನ್ನೇ ಎಬ್ಬಿಸುತ್ತಿತ್ತು. ‘ವಿಂಡೋಸ್ ಬೇಕೋ, ಲಿನಕ್ಸ್ ಬೇಕೋ’ ಎಂಬ ಪ್ರಶ್ನೆ ಪರದೆಯ ಮೇಲೆ ಬರುವುದಕ್ಕೇ ಅವಕಾಶವಿರಲಿಲ್ಲ. ಬಾಗಿಲಲ್ಲೇ ಕಾವಲುಗಾರ ಕೂತಂತೆ. ಒಬ್ಬ ಮಲಗಿದ್ದಾಗ ಇನ್ನೊಬ್ಬ ಒಳಗೆ ಬರುವ ಮಾತೇ ಇಲ್ಲ.

ಮನೆ ಪಾಲಾದದ್ದು

ಇನ್ನೊಬ್ಬ ಯಜಮಾನ ಬಂದದ್ದಾದರೂ ಏಕೆ? ಅದಕ್ಕೆ ಬೇರೆಯೇ ಚರಿತ್ರೆಯಿದೆ. ಐಬಿಎಂ ಕಂಪನಿ 1983ರಲ್ಲಿ ತಂದ ‘ಪಿಸಿ ಎಕ್ಸ್‌ಟಿ’ ಕಂಪ್ಯೂಟರಿನಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇತ್ತು. ಇಂದಿನ ಮೊಬೈಲಿನಲ್ಲಿ ತೆಗೆದ ನಾಲ್ಕಾರು ಫೋಟೊಗಳಿಗೆ ಸಾಲುವಷ್ಟು ಜಾಗ. ಆದರೂ ಅದನ್ನು ನಾಲ್ಕು ಪಾಲು ಮಾಡುವ ಅವಕಾಶವನ್ನು ಅಂದೇ ಕಲ್ಪಿಸಿದ್ದರು. ಡಿಸ್ಕಿನ ಮೊಟ್ಟಮೊದಲ ತುಣುಕಿನಲ್ಲಿ ಒಂದು ಪಾಲುಪಟ್ಟಿ. ಯಾವ ಪಾಲು ಎಲ್ಲಿಂದ ಎಲ್ಲಿಗೆ ಎಂಬ ವಿವರ ಅದರಲ್ಲಿ. ಅಣ್ಣತಮ್ಮಂದಿರು ಮನೆ ಹಂಚಿಕೊಂಡಂತೆ ಬೇರೆ ಬೇರೆ ಕಾರ್ಯಾಚರಣೆ ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಸಂಸಾರ ಹೂಡಬಹುದೆಂಬ ಎಣಿಕೆ.

ಹೂಡಿದವು ಕೂಡ. 1992ರಲ್ಲಿ ಬಂದ ಐಬಿಎಂನ ‘ಓಎಸ್/2’ ಎರಡನೇ ಆವೃತ್ತಿಯಲ್ಲಿ ಡಾಸ್ ಬೇಕೋ ಓಎಸ್/2 ಬೇಕೋ ಎಂದು ಆರಂಭದಲ್ಲೇ ಆರಿಸಿಕೊಳ್ಳುವ ಸೌಲಭ್ಯವಿತ್ತು. ಅದಕ್ಕೆ ಒಂದು ವರ್ಷ ಮೊದಲು, 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿದ್ದರು. ಅದನ್ನು ಪ್ರಯೋಗಿಸಿ ನೋಡುವ ಹಂಬಲವಿದ್ದವರು ಬಹಳ. ಆದರೆ ಇದ್ದ ಒಂದೇ ಕಂಪ್ಯೂಟರಿನಿಂದ ಡಾಸ್, ವಿಂಡೋಸ್‌ಗಳನ್ನು ಅಳಿಸುವ ಧೈರ್ಯ ಎಷ್ಟು ಜನರಿಗಿದ್ದೀತು? ಹಾಗಾಗಿ ಅವರೆಡನ್ನೂ ಇಟ್ಟುಕೊಂಡರು. ‘ಲಿಲೊ’, ಆಮೇಲೆ 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ‘ಗ್ರಬ್’ ಎಂಬ ಪುಟ್ಟ ತಂತ್ರಾಂಶಗಳು ಬಾಗಿಲಲ್ಲಿ ನಿಂತು ‘ಇಂದು ಯಾರನ್ನು ಎಬ್ಬಿಸಲಿ?’ ಎಂದು ಕೇಳತೊಡಗಿದವು. ಗ್ರಬ್ ಇಂದಿಗೂ ಅದೇ ಕೆಲಸ ಮಾಡುತ್ತಿದೆ.

ಕಾವಲುಗಾರ ಎದ್ದುಹೋದ

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ ‘ಎಸಿಪಿಐ’ ಎಂಬ ಹೊಸ ನಿಯಮಾವಳಿ ಪ್ರಕಟಿಸಿದವು. ವಿದ್ಯುತ್ತಿನ ಯಜಮಾನಿಕೆ ಬಯಾಸಿನ ಕೈಯಿಂದ ಕಾರ್ಯಾಚರಣೆ ವ್ಯವಸ್ಥೆಯ ಕೈಗೆ ಬರಬೇಕು ಎಂಬುದು ಅದರ ಸಾರ. ಯಾವ ಕೆಲಸ ನಡೆಯುತ್ತಿದೆ, ಯಾವುದು ನಿಂತಿದೆ ಎಂದು ಬಲ್ಲದ್ದು ಅದೇ ತಾನೆ? ನಿದ್ದೆಗೂ ಮೆಟ್ಟಿಲುಗಳನ್ನು ಗುರುತಿಸಿದರು. ರ‍್ಯಾಮಿಗಷ್ಟೇ ಚೂರು ವಿದ್ಯುತ್ ಕೊಟ್ಟು ಉಳಿದುದನ್ನೆಲ್ಲ ಆರಿಸುವುದು ‘ಎಸ್-3’, ಜನ ಇದನ್ನು ‘ಸ್ಲೀಪ್’ ಎನ್ನುತ್ತಾರೆ. ಎಲ್ಲವನ್ನೂ ಡಿಸ್ಕಿಗೆ ಬರೆದು ಪೂರ್ತಿ ಆರುವುದು ‘ಎಸ್-4’. ಇದೇ ಹೈಬರ್ನೇಷನ್.

2000ದ ಫೆಬ್ರವರಿಯಲ್ಲಿ ಬಂದ ವಿಂಡೋಸ್ 2000 ಈ ಕೆಲಸವನ್ನು ತಾನೇ ವಹಿಸಿಕೊಂಡಿತು. ರ‍್ಯಾಮಿನ ಪ್ರತಿಯನ್ನು ‘ಹೈಬರ್‌ಫಿಲ್’ ಎಂಬ ಗುಪ್ತ ಕಡತಕ್ಕೆ ಬರೆಯಿತು. ಲಿನಕ್ಸಿನಲ್ಲಿ ಹಂಗೇರಿಯ ಗಾಬೋರ್ ಕುಟಿ ಆರಂಭಿಸಿ ಜೆಕ್ ಪ್ರೋಗ್ರಾಮರ್ ಪಾವೆಲ್ ಮಾಖೆಕ್ ಮೊದಲಾದವರು ಬೆಳೆಸಿದ ನಿದ್ದೆಯ ಸೌಲಭ್ಯ 2002ರಲ್ಲಿ ಅದರ ತಿರುಳಿನೊಳಗೆ ಸೇರಿತು. ಲಿನಕ್ಸ್ ತನ್ನ ನೆನಪನ್ನು ಬರೆದಿಡುವುದು ‘ಸ್ವಾಪ್’ ಎಂಬ ಜಾಗದಲ್ಲಿ. ರ‍್ಯಾಮ್ ಸಾಲದಾದಾಗ ಬಳಸಲೆಂದು ಡಿಸ್ಕಿನಲ್ಲಿ ಮೀಸಲಿಟ್ಟ ಹೆಚ್ಚುವರಿ ಅಟ್ಟವಿದ್ದಂತೆ ಅದು.

ತೊಡಕು ಶುರುವಾದದ್ದು ಇಲ್ಲಿ. ಹಳೆಯ ಕಾವಲುಗಾರ ಎದ್ದುಹೋಗಿದ್ದ. ವಿಂಡೋಸ್ ತನ್ನದೇ ಆರಂಭದ ತಂತ್ರಾಂಶವನ್ನು ಬಳಸುವಾಗ, ತಾನು ಮಲಗಿದ್ದರೆ ಆಯ್ಕೆಯ ಪಟ್ಟಿ ತೋರಿಸದೆ ನೇರ ಎಚ್ಚರಗೊಳ್ಳುತ್ತಿತ್ತು. ಆದರೆ ಬಾಗಿಲಲ್ಲಿ ಈಗ ಲಿಲೊ ಅಥವಾ ಗ್ರಬ್ ಕೂತಿದೆ. ವಿಂಡೋಸ್ ಮಲಗಿದೆಯೋ ಸತ್ಯವಾಗಿ ಆರಿದೆಯೋ ಎಂದು ಅದು ವಿಚಾರಿಸುವುದಿಲ್ಲ. ‘ಲಿನಕ್ಸ್’ ಎಂದರೆ ಲಿನಕ್ಸನ್ನು ಒಳಗೆ ಬಿಡುತ್ತದೆ.

ಇಬ್ಬರು ಶ್ಯಾನುಭೋಗರು, ಒಂದು ಖಾತೆ

ಹಾಗೆ ಬಿಟ್ಟರೆ ಆಗುವ ಅನಾಹುತವೇನು? ಹಳ್ಳಿಯೊಂದರಲ್ಲಿ ಇಬ್ಬರು ಶ್ಯಾನುಭೋಗರು ಪಾಳಿಯಲ್ಲಿ ಒಂದೇ ಖಾತೆ ಪುಸ್ತಕ ಬರೆಯುತ್ತಾರೆಂದು ಇಟ್ಟುಕೊಳ್ಳಿ. ಪ್ರತಿ ಸಲ ಪುಸ್ತಕ ತೆರೆಯುವ ತೊಂದರೆ ಏಕೆಂದು ಮೊದಲನೆಯವರು ‘ನಲವತ್ತನೇ ಪುಟ ಖಾಲಿ, ಮುಂದಿನ ಬಾಬ್ತು ಅಲ್ಲಿ ಬರೆಯಬೇಕು’ ಎಂದು ತಲೆಯಲ್ಲೇ ಇಟ್ಟುಕೊಂಡಿದ್ದಾರೆ. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಎರಡನೆಯವರು ಬಂದು ಪುಸ್ತಕ ನೋಡಿ, ಖಾಲಿಯಿದ್ದ ನಲವತ್ತನೇ ಪುಟದಲ್ಲಿ ರಾಮಪ್ಪನ ಜಮೀನಿನ ವಿವರ ಬರೆದು ಹೋದರು. ಮೊದಲನೆಯವರು ಎದ್ದವರೇ ಪುಸ್ತಕ ನೋಡದೆ ಅದೇ ಪುಟದ ಮೇಲೆ ಭೀಮಪ್ಪನ ವಿವರ ಗೀಚಿದರು. ಈಗ ರಾಮಪ್ಪನದೂ ಇಲ್ಲ, ಭೀಮಪ್ಪನದೂ ಸರಿಯಿಲ್ಲ. ಹಾಳಾದದ್ದು ಪರಿವಿಡಿಯ ಪುಟವಾದರೆ ಇಡೀ ಪುಸ್ತಕವೇ ಕೆಲಸಕ್ಕೆ ಬಾರದು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಆದರೂ ಖಾತೆ ಕೆಟ್ಟಿತು.

ಕಂಪ್ಯೂಟರಿನಲ್ಲಿ ಆಗುವುದೂ ಇದೇ. ವೇಗಕ್ಕಾಗಿ ಪ್ರತಿಯೊಂದು ಕಾರ್ಯಾಚರಣೆ ವ್ಯವಸ್ಥೆಯೂ ಡಿಸ್ಕಿನ ಪರಿವಿಡಿಯ ಒಂದು ಭಾಗವನ್ನು ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ಯಾವ ಕಡತ ಎಲ್ಲಿದೆ, ಯಾವ ಜಾಗ ಖಾಲಿಯಿದೆ ಎಂಬ ಲೆಕ್ಕ ಅದರಲ್ಲಿ. ಸರಿಯಾಗಿ ಶಟ್‌ಡೌನ್ ಮಾಡಿದರೆ ಈ ಲೆಕ್ಕವನ್ನೆಲ್ಲ ಡಿಸ್ಕಿಗೆ ಬರೆದು ಪುಸ್ತಕ ಮುಚ್ಚಿಡುತ್ತದೆ. ಹೈಬರ್ನೇಟ್ ಮಾಡಿದರೆ ಪುಸ್ತಕ ತೆರೆದೇ ಇರುತ್ತದೆ. ಲೆಕ್ಕವೂ ನಿದ್ದೆಯ ಕಡತದೊಳಗೆ ಸೇರಿ ಮಲಗುತ್ತದೆ. ನಡುವೆ ಇನ್ನೊಬ್ಬರು ಆ ಪಾಲಿನಲ್ಲಿ ಏನನ್ನಾದರೂ ಬರೆದರೆ, ಎದ್ದ ವ್ಯವಸ್ಥೆ ತನ್ನ ಹಳಸಿದ ಪರಿವಿಡಿಯನ್ನೇ ನಂಬಿ ಅದರ ಮೇಲೆ ಬರೆಯುತ್ತದೆ.

‘ಬರೆಯುವುದಿಲ್ಲ, ಬರೀ ಓದಿ ನೋಡುತ್ತೇನೆ’ ಎಂದರೂ ಕೆಲವೊಮ್ಮೆ ಉಳಿಗಾಲವಿಲ್ಲ. ಲಿನಕ್ಸಿನಲ್ಲಿ 2001ರ ನಂತರ ಸಾಮಾನ್ಯವಾದ ‘ಇಎಕ್ಸ್‌ಟಿ-3’ಯಂಥ ವ್ಯವಸ್ಥೆಗಳು ಅರ್ಧಕ್ಕೆ ನಿಂತ ಕೆಲಸಗಳ ದಿನಚರಿ ಇಡುತ್ತವೆ. ಅಂಥ ಪಾಲನ್ನು ಓದಲೆಂದು ತೆರೆದರೂ ದಿನಚರಿಯ ಪ್ರಕಾರ ಬಾಕಿ ಕೆಲಸ ಮುಗಿಸುವ ಭರದಲ್ಲಿ ಡಿಸ್ಕಿನಲ್ಲಿ ಬದಲಾವಣೆ ಆಗಿಬಿಡುತ್ತದೆ. ಲಿನಕ್ಸಿನ ನಿದ್ದೆಯ ಸೌಲಭ್ಯದ ದಸ್ತಾವೇಜಿನಲ್ಲಿ ಅದನ್ನು ರೂಪಿಸಿದವರೇ ಈ ಬಗ್ಗೆ ದಪ್ಪಕ್ಷರಗಳ ಎಚ್ಚರಿಕೆ ಬರೆದಿಟ್ಟದ್ದು ಸುಮ್ಮನೆ ಅಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ಡಿಸ್ಕನ್ನು ಮುಟ್ಟಿದರೆ ಕಡತಗಳ ಆಸೆ ಬಿಡಬೇಕಾದೀತು ಎಂಬುದು ಅದರ ತಾತ್ಪರ್ಯ.

‘ಶಟ್‌ಡೌನ್’ ಎಂಬ ಮಾತಿನ ಅರ್ಥ ಬದಲಾಯಿತು

ಆದರೂ ಕೆಲವು ವರ್ಷ ಈ ಅಪಾಯಕ್ಕೆ ತಾನಾಗಿಯೇ ಒಂದು ಮಿತಿ ಇತ್ತು. ವಿಂಡೋಸ್ ಎನ್‌ಟಿ ಜೊತೆ 1993ರಲ್ಲಿ ಬಂದು ಮುಂದೆ ಎಲ್ಲ ವಿಂಡೋಸ್‌ಗಳಲ್ಲೂ ನೆಲೆಯಾದ ‘ಎನ್‌ಟಿಎಫ್ಎಸ್’ ಎಂಬ ಕಡತ ವ್ಯವಸ್ಥೆಯನ್ನು ಲಿನಕ್ಸ್ ಓದಬಲ್ಲದಾಗಿತ್ತು, ನಂಬಿಕೆಯಿಂದ ಬರೆಯಬಲ್ಲದಾಗಿರಲಿಲ್ಲ. 2007ರಲ್ಲಿ ‘ಎನ್‌ಟಿಎಫ್ಎಸ್-3ಜಿ’ ಎಂಬ ತಂತ್ರಾಂಶದ ಮೊದಲ ಸ್ಥಿರ ಆವೃತ್ತಿ ಬಂದಾಗ ಆ ಕೊರತೆ ನೀಗಿತು. ಬಳಕೆದಾರರಿಗೆ ದೊಡ್ಡ ಅನುಕೂಲ. ಜೊತೆಗೆ, ಎರಡನೇ ಶ್ಯಾನುಭೋಗರ ಕೈಗೂ ಪೆನ್ನು ಸಿಕ್ಕಿದಂತಾಯಿತು.

ಹೈಬರ್ನೇಷನ್ ಮಾಡುವುದು ಬಿಡುವುದು ಅಲ್ಲಿಯವರೆಗೆ ಬಳಕೆದಾರನ ಇಚ್ಛೆಯಾಗಿತ್ತು. ‘ನಾನು ಆ ಗುಂಡಿಯನ್ನೇ ಒತ್ತುವುದಿಲ್ಲ’ ಎಂದವನು ನಿಶ್ಚಿಂತ. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದ ಮೇಲೆ ಆ ನಿಶ್ಚಿಂತೆ ಹೋಯಿತು. ಕಂಪ್ಯೂಟರ್ ಬೇಗ ಆರಂಭವಾಗಲಿ ಎಂದು ಅದರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಉಪಾಯ ಹೂಡಿದ್ದರು. ‘ಶಟ್‌ಡೌನ್’ ಒತ್ತಿದಾಗ ಬಳಕೆದಾರ ತೆರೆದ ಕಾರ್ಯಕ್ರಮಗಳೆಲ್ಲ ಮುಚ್ಚುತ್ತವೆ. ಆದರೆ ವಿಂಡೋಸಿನ ಒಳತಿರುಳು ಮಾತ್ರ ಮುಚ್ಚುವುದಿಲ್ಲ, ಹೈಬರ್ನೇಟ್ ಆಗುತ್ತದೆ. ಮರುದಿನ ಮೊದಲಿನಿಂದ ಕಟ್ಟುವ ಬದಲು ನಿದ್ದೆಯಿಂದ ಎಬ್ಬಿಸಿದರಾಯಿತು, ಸಮಯ ಉಳಿತಾಯ.

ಹೈಬರ್ನೇಷನ್ ಸಾಧ್ಯವಿರುವ ಯಂತ್ರಗಳಲ್ಲಿ ಈ ಸೌಲಭ್ಯ ತಾನಾಗಿಯೇ ಚಾಲೂ ಇರುತ್ತದೆ. 2015ರ ವಿಂಡೋಸ್ 10, 2021ರ ವಿಂಡೋಸ್ 11ರಲ್ಲೂ ಅದು ಮುಂದುವರಿಯಿತು. ಹೀಗಾಗಿ ಒಂದು ತಮಾಷೆ ಹುಟ್ಟಿಕೊಂಡಿತು. ‘ಶಟ್‌ಡೌನ್’ ಎಂದರೆ ಪೂರ್ತಿ ಮುಚ್ಚುವುದಲ್ಲ. ‘ರೀಸ್ಟಾರ್ಟ್’ ಎಂದರೆ ಮಾತ್ರ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯುವುದು! ವಿಂಡೋಸೊಂದೇ ಇರುವ ಮನೆಗೆ ಇದರಿಂದ ನಷ್ಟವೇನಿಲ್ಲ. ಎರಡು ವ್ಯವಸ್ಥೆಗಳಿರುವ ಮನೆಯಲ್ಲಿ ಮಾತ್ರ, ಹೈಬರ್ನೇಷನ್ ಎಂಬ ಶಬ್ದವನ್ನೇ ಕೇಳದವರೂ ದಿನಾ ರಾತ್ರಿ ವಿಂಡೋಸನ್ನು ಅರೆನಿದ್ದೆಯಲ್ಲಿ ಬಿಟ್ಟು ಲಿನಕ್ಸಿಗೆ ಹೋಗುವಂತಾಯಿತು.

ಲಿನಕ್ಸ್ ಕಡೆಯವರು ಇದಕ್ಕೊಂದು ಮಾನವಂತ ಉಪಾಯ ಮಾಡಿದ್ದಾರೆ. ವಿಂಡೋಸ್ ಮಲಗಿರುವಾಗ ಅದರ ನಿದ್ದೆಯ ಕಡತದ ಮೊದಲ ನಾಲ್ಕು ಅಕ್ಷರ ‘ಹಿಬರ್’ ಎಂಬುದರ ಸಂಕ್ಷೇಪವಾಗಿರುತ್ತದೆ. ಎನ್‌ಟಿಎಫ್ಎಸ್-3ಜಿ ಮೊದಲು ಆ ಕಡತವನ್ನು ಇಣುಕಿ ನೋಡುತ್ತದೆ. ಗುರುತು ಕಂಡರೆ ‘ವಿಂಡೋಸ್ ನಿದ್ದೆಯಲ್ಲಿದೆ’ ಎಂದು ಹೇಳಿ ಬರೆಯಲು ಒಪ್ಪುವುದಿಲ್ಲ, ಓದಲು ಮಾತ್ರ ಬಿಡುತ್ತದೆ. ಈ ಸಂದೇಶವನ್ನು ಕಂಡು ‘ಲಿನಕ್ಸ್ ಕೆಟ್ಟಿದೆ’ ಎಂದು ಬಯ್ದವರು ಕಡಿಮೆಯೇನಲ್ಲ. ನಿಜವಾಗಿ ಅದು ಮಲಗಿದವನ ಆಸ್ತಿಯನ್ನು ಕಾಯುವ ನೆರೆಯವನ ಮಾತು.

ಸುರಕ್ಷಿತವಾಗಿ ಮಲಗಿಸುವ ಬಗೆ

ಹಾಗಾದರೆ ಡ್ಯುಯಲ್ ಬೂಟ್ ಇರುವವರು ಹೈಬರ್ನೇಷನ್ ಆಸೆಯನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ. ಮೇಲಿನ ಚರಿತ್ರೆಯಿಂದ ಹೊರಡುವ ಸೂತ್ರ ಒಂದೇ: ಮಲಗಿದವನ ಪಾಲನ್ನು ಅವನು ಏಳುವವರೆಗೆ ಯಾರೂ ಮುಟ್ಟಬಾರದು. ಉಳಿದ ಕ್ರಮಗಳೆಲ್ಲ ಇದರ ಕವಲುಗಳು.

ಎಲ್ಲಕ್ಕಿಂತ ಮೊದಲು, ಬೇಕಾದ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟು ಆ ಡಿಸ್ಕನ್ನು ಯಂತ್ರದಿಂದ ಕಳಚಿಡಬೇಕು. ಆಮೇಲೆ ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಯ್ಕೆಗಳಿಗೆ ಹೋಗಿ, ಪವರ್ ಗುಂಡಿ ಏನು ಮಾಡಬೇಕೆಂದು ನಿರ್ಧರಿಸುವ ಪುಟದಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತು ತೆಗೆಯಬೇಕು. ಆಗ ‘ಶಟ್‌ಡೌನ್’ಗೆ ಅದರ ಹಳೆಯ ಅರ್ಥ ಮರಳುತ್ತದೆ. ಒಂದೆರಡು ಸಲದ ಮಟ್ಟಿಗಾದರೆ ‘ಶಿಫ್ಟ್’ ಕೀಲಿ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೂ ಪೂರ್ತಿ ಆರುತ್ತದೆ. ಹೈಬರ್ನೇಷನ್ ಲಿನಕ್ಸಿಗೆ ಮಾತ್ರ ಸಾಕು ಎನ್ನುವವರು ವಿಂಡೋಸಿನ ಹೈಬರ್ನೇಷನ್ನನ್ನೇ ನಿಲ್ಲಿಸಬಹುದು. ಫಾಸ್ಟ್ ಸ್ಟಾರ್ಟಪ್ ಕೂಡ ಅದರೊಂದಿಗೆ ತಾನಾಗಿ ನಿಲ್ಲುತ್ತದೆ.

ಲಿನಕ್ಸಿನ ಕಡೆ ಎರಡು ಸಿದ್ಧತೆ ಬೇಕು. ಮೊದಲನೆಯದು ಅಟ್ಟದ ಅಳತೆ. ರ‍್ಯಾಮಿನಲ್ಲಿ ಇದ್ದುದೆಲ್ಲ ಸ್ವಾಪ್ ಜಾಗದಲ್ಲಿ ಹಿಡಿಸಬೇಕು. 8 ಗಿಗಾಬೈಟ್ ರ‍್ಯಾಮ್ ಇರುವ ಯಂತ್ರಕ್ಕೆ 2 ಗಿಗಾಬೈಟ್ ಸ್ವಾಪ್ ಇಟ್ಟು ಮಲಗಲು ಹೇಳಿದರೆ ಅದು ಒಪ್ಪದಿರಬಹುದು. ಕನಿಷ್ಠ ರ‍್ಯಾಮಿನಷ್ಟು, ಸಾಧ್ಯವಾದರೆ ಸ್ವಲ್ಪ ಹೆಚ್ಚು ಇಡುವುದು ಕ್ಷೇಮ. ಎರಡನೆಯದು ವಿಳಾಸ. ಎಚ್ಚರಗೊಳ್ಳುವಾಗ ನಿದ್ದೆಯ ಪ್ರತಿ ಎಲ್ಲಿದೆ ಎಂದು ಲಿನಕ್ಸಿಗೆ ಆರಂಭದಲ್ಲೇ, ಡಿಸ್ಕಿನ ಯಾವ ಪಾಲನ್ನೂ ತೆರೆಯುವ ಮುಂಚೆಯೇ, ತಿಳಿದಿರಬೇಕು. ಆರಂಭದ ಸೂಚನೆಗಳಲ್ಲಿ ಸ್ವಾಪ್ ಪಾಲಿನ ಗುರುತು ಬರೆಯದಿದ್ದರೆ ಅದು ಎಲ್ಲವನ್ನೂ ಮರೆತು ಹೊಸದಾಗಿ ಏಳುತ್ತದೆ. ತೆರೆದಿಟ್ಟ ಕೆಲಸ ಹೋಯಿತೆಂದೇ ಲೆಕ್ಕ. ಹಲವು ಲಿನಕ್ಸ್ ವಿತರಣೆಗಳಲ್ಲಿ ಈ ವ್ಯವಸ್ಥೆ ತಾನಾಗಿ ಆಗಿರುವುದಿಲ್ಲ. ಕೆಲವು ಯಂತ್ರಗಳಲ್ಲಿ ಸರಿಯಾಗಿ ಏಳದೆ ತೊಂದರೆಯಾಗುತ್ತದೆಂದು 2012ರ ಉಬುಂಟು 12.04 ಆವೃತ್ತಿಯಲ್ಲಿ ಹೈಬರ್ನೇಟ್ ಆಯ್ಕೆಯನ್ನು ಮೆನುವಿನಿಂದಲೇ ತೆಗೆದಿದ್ದರು.

ಮೂರನೆಯದು, ಇಬ್ಬರಿಗೂ ಸೇರಿದ ಸಾಮಾನ್ಯ ಪಾಲು. ಹಾಡು, ಚಿತ್ರ, ಕಡತಗಳನ್ನು ಎರಡೂ ಕಡೆಯಿಂದ ಬಳಸಲು ಪ್ರತ್ಯೇಕ ಪಾಲು ಇಟ್ಟುಕೊಳ್ಳುವವರು ಬಹಳ. ಮರೆತು ಮೋಸಹೋಗುವುದು ಇಲ್ಲಿಯೇ. ಲಿನಕ್ಸ್ ಆ ಪಾಲನ್ನು ತೆರೆದಿಟ್ಟುಕೊಂಡೇ ಮಲಗಿದರೆ, ಆಮೇಲೆ ಎದ್ದ ವಿಂಡೋಸ್ ಅದರಲ್ಲಿ ಬರೆದರೆ, ಶ್ಯಾನುಭೋಗರ ಕಥೆ ಮತ್ತೆ ನಡೆಯುತ್ತದೆ. ಮಲಗಿಸುವ ಮೊದಲು ಆ ಪಾಲನ್ನು ‘ಅನ್‌ಮೌಂಟ್’ ಮಾಡಬೇಕು, ಎಂದರೆ ಪುಸ್ತಕ ಮುಚ್ಚಿ ಕಪಾಟಿನಲ್ಲಿಡಬೇಕು. ವಿಂಡೋಸ್ ತಾನು ತೆರೆದ ಪಾಲುಗಳನ್ನು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ವಿಂಡೋಸನ್ನು ಹೈಬರ್ನೇಟ್ ಮಾಡಿ ಲಿನಕ್ಸಿಗೆ ಹೋಗುವ ಅಭ್ಯಾಸವನ್ನು ಬಿಡುವುದೇ ಲೇಸು.

ಒಂದೇ ಯಂತ್ರದಲ್ಲಿ ಎರಡು ಬಗೆಯ ಲಿನಕ್ಸ್ ಇಟ್ಟುಕೊಂಡವರಿಗೆ ಇನ್ನೊಂದು ಕಿವಿಮಾತು. ಹೈಬರ್ನೇಷನ್ ಬಳಸುವುದಾದರೆ ಒಂದೇ ಸ್ವಾಪ್ ಪಾಲನ್ನು ಎರಡಕ್ಕೂ ಹಂಚಬಾರದು. ಒಬ್ಬನ ನೆನಪು ಮಲಗಿದ ಅಟ್ಟದಲ್ಲಿ ಇನ್ನೊಬ್ಬ ತನ್ನ ಸಾಮಾನು ತುಂಬಿದರೆ ಮೊದಲನೆಯವನ ನೆನಪು ಉಳಿಯದು.

ಇಷ್ಟೆಲ್ಲ ಆದ ಮೇಲೂ ಲಿನಕ್ಸಿನಲ್ಲಿ ‘ವಿಂಡೋಸ್ ನಿದ್ದೆಯಲ್ಲಿದೆ’ ಎಂಬ ಸಂದೇಶ ಬಂದರೆ ಒರಟುತನ ಕೂಡದು. ನಿದ್ದೆಯ ಕಡತವನ್ನೇ ಅಳಿಸಿ ಬಲವಂತವಾಗಿ ಒಳನುಗ್ಗುವ ಆಯ್ಕೆಯೊಂದು ಇದೆ. ಅದನ್ನು ಬಳಸಿದರೆ ಮಲಗಿದ್ದ ವಿಂಡೋಸಿನಲ್ಲಿ ಉಳಿಸದೆ ಬಿಟ್ಟದ್ದೆಲ್ಲ ಹೋಗುತ್ತದೆ. ಹಿಂದಿರುಗಿ ವಿಂಡೋಸನ್ನು ಎಬ್ಬಿಸಿ, ಪೂರ್ತಿ ಆರಿಸಿ, ಮತ್ತೆ ಲಿನಕ್ಸಿಗೆ ಬರುವುದಕ್ಕೆ ಕೆಲವು ನಿಮಿಷ ಸಾಕು. ಆ ಕೆಲವು ನಿಮಿಷದ ಅವಸರಕ್ಕೆ ವರ್ಷಗಳ ಕಡತಗಳನ್ನು ಪಣಕ್ಕಿಡುವುದು ಜಾಣತನವಲ್ಲ. ಹೊಸದಾಗಿ ಹೈಬರ್ನೇಷನ್ ಹೊಂದಿಸಿದವರು ಮೊದಲ ಒಂದೆರಡು ಸಲ ಮುಖ್ಯವಾದದ್ದೇನನ್ನೂ ತೆರೆಯದೆ ಮಲಗಿಸಿ, ಎಬ್ಬಿಸಿ, ಪರೀಕ್ಷಿಸಿ ನೋಡುವುದೂ ಒಳ್ಳೆಯದು.

ನಿದ್ದೆಯಲ್ಲಿ ಗುಟ್ಟು

ಇತ್ತೀಚೆಗೆ ಇದಕ್ಕೆ ಇನ್ನೊಂದು ಮುಖ ಸೇರಿದೆ. ರ‍್ಯಾಮಿನಲ್ಲಿ ಪಾಸ್‌ವರ್ಡುಗಳೂ ಗೂಢಲಿಪಿಯ ಕೀಲಿಗಳೂ ಇರುತ್ತವೆ. ನಿದ್ದೆಯ ಪ್ರತಿಯಲ್ಲಿ ಅವೂ ಡಿಸ್ಕಿಗೆ ಇಳಿಯುತ್ತವೆ. ಯಂತ್ರ ಕಳವಾದರೆ ಓದಬಲ್ಲವನು ಓದಬಹುದು. ಪ್ರತಿಯನ್ನು ತಿದ್ದಿ, ಏಳುವ ಯಂತ್ರಕ್ಕೆ ಸುಳ್ಳು ನೆನಪು ತುಂಬಲೂಬಹುದು. ಅದಕ್ಕಾಗಿಯೇ 2019ರ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರಲ್ಲಿ ‘ಲಾಕ್‌ಡೌನ್’ ಎಂಬ ಬಿಗಿ ವ್ಯವಸ್ಥೆ ಸೇರಿತು. ಅದು ಜಾರಿಯಲ್ಲಿದ್ದರೆ ಹೈಬರ್ನೇಷನ್‌ಗೆ ಅವಕಾಶವಿಲ್ಲ. ‘ಸೆಕ್ಯೂರ್ ಬೂಟ್’ ಚಾಲೂ ಇದ್ದಾಗ ಹಲವು ವಿತರಣೆಗಳು ಈ ಬಿಗಿಯನ್ನು ತಾವಾಗಿಯೇ ಹಾಕುತ್ತವೆ. ಎಲ್ಲ ಸರಿಯಿದ್ದೂ ಲಿನಕ್ಸ್ ಮಲಗಲು ಒಪ್ಪದಿದ್ದರೆ ಕಾರಣ ಇದಿರಬಹುದು. ಆ ಬಿಗಿಯನ್ನು ಸಡಿಲಿಸುವ ಮೊದಲು, ನಿದ್ದೆಯ ಅನುಕೂಲ ದೊಡ್ಡದೋ ಬೀಗದ ಭದ್ರತೆ ದೊಡ್ಡದೋ ಎಂದು ಯಂತ್ರದ ಒಡೆಯರೇ ತೂಗಿ ನೋಡಬೇಕು.

ಕೋರ್ ಮೆಮೊರಿಯ ಉಂಗುರಗಳು ಕರೆಂಟು ಹೋದರೂ ಮರೆಯುತ್ತಿರಲಿಲ್ಲ. ಆ ಗುಣವನ್ನು ಕಳೆದುಕೊಂಡ ಯಂತ್ರಕ್ಕೆ ಎಂಜಿನಿಯರುಗಳು ಅದನ್ನು ಬೇರೆ ದಾರಿಯಲ್ಲಿ ಮರಳಿ ಕೊಟ್ಟರು. ಒಂದೇ ಯಂತ್ರದಲ್ಲಿ ಇಬ್ಬರು ಯಜಮಾನರಿಗೆ ಜಾಗವನ್ನೂ ಮಾಡಿಕೊಟ್ಟರು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಮಲಗುವ ವಿದ್ಯೆ ಕಲಿಸಿದವರು ಮನೆಯಲ್ಲಿ ಒಬ್ಬನೇ ಇದ್ದಾನೆಂದು ಭಾವಿಸಿದ್ದರು, ಮನೆ ಪಾಲು ಮಾಡಿದವರು ಯಾರೂ ಮಲಗುವುದಿಲ್ಲವೆಂದು ಭಾವಿಸಿದ್ದರು. ಇವೆರಡು ಭಾವನೆಗಳ ನಡುವಿನ ಸಂದಿನಲ್ಲಿ ಜನರ ಕಡತಗಳು ಬಿದ್ದುಹೋಗುತ್ತಿವೆ.

ಎದ್ದ ಮೇಲೆ ‘ಏನಾಯಿತು?’ ಎಂದು ಕೇಳುವಷ್ಟು ವ್ಯವಧಾನ ಲಂಕೆಯ ರಾಕ್ಷಸನಿಗಿತ್ತು. ಯಂತ್ರಕ್ಕೆ ಅದನ್ನು ಪೂರ್ತಿಯಾಗಿ ಕಲಿಸುವವರೆಗೆ, ಅದು ಮಲಗುವ ಮೊದಲು ಪುಸ್ತಕ ಮುಚ್ಚಿತೇ ಎಂದು ಕೇಳುವ ಕೆಲಸ ಗುಂಡಿ ಒತ್ತುವವರದೇ.